27ನೇ ರಾತ್ರಿ ಬರುವುದು 26ನೇ ಉಪವಾಸದ ಸಂಜೆ
ರಂಜಾನಿನ ಕೊನೆಯ ಹತ್ತು ದಿನಗಳ ಬೆಸ ರಾತ್ರಿಗಳಲ್ಲಿ ಲೈಲತುಲ್ ಖದ್ರ್ (ಅತಿ ಪುಣ್ಯದ ರಾತ್ರಿ) ಅರಸುವವರು ಗೋಡೆಯ ರಂಜಾನ್ ವೇಳಾಪಟ್ಟಿಯಲ್ಲಿ 20, 22, 24, 26, 28ನೇ ಉಪವಾಸಗಳ ಮಗ್ರಿಬ್ (ಸೂರ್ಯಾಸ್ತದ ನಮಾಜ್) ಸಮಯಕ್ಕೆ ಪೆನ್ಸಿಲ್‌ನಿಂದ ಸುತ್ತು ಹಾಕಿಡಿ. ಹಿಜರಿ (ಇಸ್ಲಾಮಿ ಪಂಚಾಂಗದ) ದಿನ ಸೂರ್ಯಾಸ್ತಕ್ಕೇ ಆರಂಭ. 26ನೇ ಉಪವಾಸ ಬಿಡಲು ಖರ್ಜೂರ ಬಾಯಿಗಿಡುವ ಹೊತ್ತಿಗೆ 27ನೇ ರಾತ್ರಿ ಬಂದಾಗಿರುತ್ತದೆ. ಮರುದಿನಕ್ಕೆ ಕಾದರೆ ಅದು ಕೈತಪ್ಪುತ್ತದೆ. ಕೊನೆಯ ಹತ್ತು ದಿನ ಇತಿಕಾಫ್ (ಮಸೀದಿಯಲ್ಲೇ ಉಳಿದು ಮಾಡುವ ಆರಾಧನೆ) ಕೂರುವವರೂ 20ರ ಮಗ್ರಿಬ್‌ಗೆ ಮೊದಲೇ ಮಸೀದಿ ಸೇರಿಕೊಳ್ಳಿ. ಮಡಿಕೇರಿಯಲ್ಲಿ ಮಂಜು ಕವಿದ ಸಂಜೆ ಬೆಳಕು ನೋಡಿ ಅಂದಾಜಿಸಬೇಡಿ, ಬಾಂಗನ್ನೇ ನಂಬಿ. ನೀವು ಹೋದ ಊರಿನಲ್ಲಿ ಚಂದ್ರದರ್ಶನ ಒಂದು ದಿನ ಹಿಂದುಮುಂದಾಗಿದ್ದರೆ ಈ ಗುರುತು ಕೆಲಸಕ್ಕೆ ಬಾರದು. ಆಗ ಹತ್ತೂ ರಾತ್ರಿ ಎಚ್ಚರವಿರಿ. ಕಾಫಿ ತೋಟದಲ್ಲಿ ದುಡಿದು ದಣಿದವರು ಸಹರಿಗಿಂತ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಅರ್ಧ ಗಂಟೆ ಮೊದಲು ಎದ್ದರೂ ತಹಜ್ಜುದ್ (ತಡರಾತ್ರಿಯ ನಮಾಜ್) ಸಿಗುತ್ತದೆ, ದಯವಿಟ್ಟು ಬಿಡಬೇಡಿ.