ನಾಲ್ಕಡಿ ಟ್ಯಾಂಕಿಗೆ ನಾನು ಫಿಲ್ಟರ್ ಆರಿಸಿದ ಬಗೆ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಮೀನಿನ ಟ್ಯಾಂಕಿಗೆ ಫಿಲ್ಟರ್ ಕೊಳ್ಳುವಾಗ ಮೊದಲು ಯೋಚಿಸಬೇಕಿದ್ದದ್ದು ಇದನ್ನೇ. ನಾನು ನೋಡಿದ್ದು ಮಾತ್ರ ಡಬ್ಬದ ಮೇಲಿನ ನಂಬರು.

ಟ್ಯಾಂಕ್ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಲೆಕ್ಕದಲ್ಲಿ 450 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 400ರ ಆಸುಪಾಸು. ಒಳಗೆ ಆರು ಒರಾಂಡಾ ಗೋಲ್ಡ್ ಫಿಶ್. ಇವು ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಗಂಟೆಗೆ ಐದಾರು ಸಲವಾದರೂ ನೀರು ಫಿಲ್ಟರ್ ಹಾದು ಬರಲಿ ಅನ್ನುವುದು ಸಾಕುವವರ ರೂಢಿಯ ಲೆಕ್ಕ. ಹಾಗಾಗಿ ಗಂಟೆಗೆ 2000 ಲೀಟರ್ ಅಂತ ಬರೆದಿದ್ದ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗೆ ಇಡುವ, ಪೈಪಿನಿಂದ ಜೋಡಿಸುವ ಮುಚ್ಚಿದ ಡಬ್ಬದ ಫಿಲ್ಟರ್) ತಂದೆ.

ಕೆಲವು ತಿಂಗಳ ಮೇಲೆ ನೀರಿನ ಹರಿವು ಯಾಕೋ ಕಮ್ಮಿ ಅನ್ನಿಸಿತು. ಫಿಲ್ಟರಿನಿಂದ ವಾಪಸ್ ಬರುವ ಪೈಪನ್ನು ಟ್ಯಾಂಕಿನ ಅಂಚಿನ ಹತ್ತಿರ 20 ಲೀಟರ್ ನೀರಿನ ಕ್ಯಾನಿಗೆ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿದೆ. ತುಂಬಲು 64 ಸೆಕೆಂಡ್. ಅಂದರೆ ಗಂಟೆಗೆ ಸುಮಾರು 1100 ಲೀಟರ್! ಡಬ್ಬದ ಮೇಲಿನ ನಂಬರು ಒಳಗೆ ಸ್ಪಾಂಜು, ಬ್ಯಾಕ್ಟೀರಿಯಾ ಕೂರುವ ಸೆರಾಮಿಕ್ ರಿಂಗು ಏನೂ ಇಲ್ಲದೆ, ನೀರನ್ನು ಎತ್ತರಕ್ಕೆ ಏರಿಸದೆ ಪಂಪು ತಳ್ಳುವ ಲೆಕ್ಕ. ಕಸ ಕಟ್ಟಿಕೊಂಡ ಸ್ಪಾಂಜು, ಉದ್ದನೆಯ ಪೈಪು, ಎರಡು ಬೆಂಡು ಸೇರಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಯಾವ ಫಿಲ್ಟರ್ ಇದ್ದರೂ ಒಮ್ಮೆ ಹೀಗೆ ಕ್ಯಾನ್ ಹಿಡಿದು ನೋಡಿ.

ಆದರೂ ಟ್ಯಾಂಕ್ ನಡೆಯುತ್ತಿತ್ತು. ಏಟು ಬಿದ್ದದ್ದು ಆ ಜುಲೈನಲ್ಲಿ. ಗಾಳಿಗೆ ಮರ ಬಿದ್ದು ಸಂಜೆ ಹೋದ ಕರೆಂಟು ಮರುದಿನ ಬೆಳಿಗ್ಗೆ ಬಂತು. ಫಿಲ್ಟರ್ ತಾನಾಗಿ ಶುರುವಾಯಿತು, ನಾನು ಸಮಾಧಾನ ಪಟ್ಟೆ. ಅರ್ಧ ಗಂಟೆಯಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಕ್ಯಾನಿಸ್ಟರ್ ಬಿಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ. ಕೆಂಪು ತಲೆಯ ದೊಡ್ಡ ಮೀನು ಮಧ್ಯಾಹ್ನದ ಹೊತ್ತಿಗೆ ಹೋಯಿತು. ನಾಲ್ಕು ವರ್ಷ ಸಾಕಿದ್ದೆ ಅದನ್ನು.

ಆದದ್ದು ಇಷ್ಟು. ಮೀನಿನ ಮೈಯಿಂದ, ಹೊಲಸಿನಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ, ಅದು ಮೀನಿಗೆ ವಿಷ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕು. ಕ್ಯಾನಿಸ್ಟರ್ ಗಾಳಿಯಾಡದ ಡಬ್ಬ. ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಒಳಗಿನ ಆಕ್ಸಿಜನ್ ಮುಗಿದು ಎಲ್ಲ ಕೊಳೆಯಲು ಶುರು. ಕರೆಂಟು ಬಂದ ಕೂಡಲೇ ಆ ಕೊಳೆನೀರು ನೇರ ಟ್ಯಾಂಕಿಗೆ ಹೋಗುತ್ತದೆ. ಜಾಸ್ತಿ ಹೊತ್ತು ಕರೆಂಟು ಹೋಗಿದ್ದರೆ ಪ್ಲಗ್ ತೆಗೆದಿಡಬೇಕು, ಒಳಗಿನ ನೀರು ಚೆಲ್ಲಿ ತೊಳೆದ ಮೇಲೆಯೇ ಚಾಲೂ ಮಾಡಬೇಕು. ಅದು ನನಗೆ ಆಗ ಗೊತ್ತಿರಲಿಲ್ಲ.

ಆಮೇಲೆ ಸಂಪ್ ಮಾಡಿಸಿದೆ. ಅಂಗಳದ ನೀರಿನ ಸಂಪ್ ಅಲ್ಲ, ಟ್ಯಾಂಕಿನ ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಗಾಜಿನ ತೊಟ್ಟಿ. ನೀರು ಮೇಲಿಂದ ತಾನಾಗಿ ಅದಕ್ಕೆ ಇಳಿಯುತ್ತದೆ, ಪಂಪು ವಾಪಸ್ ಎತ್ತುತ್ತದೆ. ಮೇಲೆ ತೆರೆದಿರುವುದರಿಂದ ಕರೆಂಟು ಹೋದರೂ ಗಾಳಿ ಸಿಗುತ್ತದೆ. ಟ್ಯಾಂಕ್ ಖಾಲಿ ಮಾಡಿ, ನೀರು ಸಂಪಿಗೆ ಇಳಿಯಲು ಹಿಂದಿನ ಗಾಜಿಗೆ ಗಾಜಿನಂಗಡಿಯವರಿಂದ ತೂತು ಹೊಡೆಸಿದೆ. ನಮ್ಮದು ಸಾದಾ ಗಾಜು. ಟಫನ್ಡ್ ಗಾಜಿಗೆ (ಕಾಯಿಸಿ ಗಟ್ಟಿ ಮಾಡಿದ್ದು) ತೂತು ಹೊಡೆಯಲು ಹೋದರೆ ಇಡೀ ಗಾಜು ಪುಡಿ ಪುಡಿ.

ಸಂಪಿನ ಅಳತೆ 30 ಇಂಚು, 15 ಇಂಚು, 15 ಇಂಚು. ಹೆಚ್ಚುಕಮ್ಮಿ 110 ಲೀಟರ್. ಇದರ ಲೆಕ್ಕದಲ್ಲೇ ನಾನು ಎಡವಿದ್ದು. ಮೊದಲ ದಿನ ಎಲ್ಲ ಜೋಡಿಸಿ, ನೀರು ಓಡಿಸಿ, ಬೇಕಂತಲೇ ಸ್ವಿಚ್ ಆಫ್ ಮಾಡಿದೆ. ಮೇಲಿನ ನೀರು ಇಳಿಯತೊಡಗಿತು. ಸಂಪಿನಲ್ಲಿ ನೀರು ಏರಿತು, ಇನ್ನೂ ಏರಿತು. ಪಕ್ಕದಲ್ಲಿ ನಿಂತಿದ್ದ ಅಮ್ಮ, "ಏ, ನೀರು ನಿಲ್ತಾನೇ ಇಲ್ಲ ಕಣೋ!" ಅಂದರು. ಮನೆಯ ಟವೆಲ್ಲುಗಳೆಲ್ಲ ನೆಲದ ಮೇಲೆ ಬಂದವು.

ಕಾರಣ ಪಂಪಿನ ಪೈಪು. ಅದರ ಬಾಯಿ ಟ್ಯಾಂಕಿನ ನೀರಿನೊಳಗೆ 5 ಇಂಚು ಮುಳುಗಿತ್ತು. ಪಂಪು ನಿಂತ ಕೂಡಲೇ ಅದೇ ಪೈಪು ನೀರನ್ನು ಹಿಂದಕ್ಕೆ ಎಳೆಯಿತು. ನಮ್ಮ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದರೆ 19 ಲೀಟರ್, ಐದು ಇಂಚಿಗೆ 95! ಸಂಪಿನಲ್ಲಿ ಅಷ್ಟು ಜಾಗ ಎಲ್ಲಿದೆ? ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ ಒಂದು ಸಣ್ಣ ತೂತು ಮಾಡಿದೆ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಒಳಗೆ ಹೋಗಿ ಎಳೆತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟಿದರೆ ಮತ್ತೆ ಅದೇ ಪಾಡು, ಹಾಗಾಗಿ ಪ್ರತಿ ವಾರ ಕಡ್ಡಿ ಆಡಿಸುತ್ತೇನೆ. ಸಂಪಿನ ಗೋಡೆಗೆ ಒಂದು ಗೆರೆಯನ್ನೂ ಹಾಕಿದ್ದೇನೆ. ಪಂಪು ಓಡುವಾಗ ನೀರು 9 ಇಂಚು ದಾಟಬಾರದು. ಮೇಲಿನ 6 ಇಂಚು ಕರೆಂಟು ಹೋದಾಗ ಇಳಿಯುವ ನೀರಿಗೆ ಮೀಸಲು.

ನೀರು ಮೊದಲು ಬೀಳುವುದು ಬಿಳಿ ಪಾಲಿಯೆಸ್ಟರ್ ಹತ್ತಿಯ ಮೇಲೆ. ಆಮೇಲೆ ದಪ್ಪ ಸ್ಪಾಂಜು, ಅದರ ಮುಂದೆ ಸೆರಾಮಿಕ್ ರಿಂಗು. ರಿಂಗು ದುಬಾರಿಯಾದ್ದರಿಂದ ಉಳಿದ ಜಾಗಕ್ಕೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರ್ ತುಂಬಿದೆ. ಸೋಪು ಹಾಕಿರದ ಹೊಸದು ಆಗಬೇಕು, ಕಬ್ಬಿಣದ್ದು ಬೇಡ. ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ಅಂಟಿ ಕೂರುವ ಜಾಗ, ಅದು ಇದರಲ್ಲಿ ಬೇಕಾದಷ್ಟಿದೆ. ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಕ್ಯಾನಿಸ್ಟರ್ ಕೊಳೆತ ಮೇಲೂ ಒಂದು ತಿಂಗಳು ಅದನ್ನೇ ಓಡಿಸಿ, ದಿನಾ ನೀರು ಬದಲಿಸುತ್ತಾ ಕಾದಿದ್ದೆ. ಚೇತರಿಸಿಕೊಂಡ ಆ ರಿಂಗುಗಳನ್ನೇ ಸಂಪಿಗೆ ಹಾಕಿದ್ದರಿಂದ ಮತ್ತೆ ಮೊದಲಿನಿಂದ ಕಾಯುವ ಕೆಲಸ ತಪ್ಪಿತು.

ಸ್ಪಾಂಜು ತೊಳೆಯುವುದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ನಮ್ಮದು ಬಾವಿ ನೀರು, ಕ್ಲೋರಿನ್ ಇಲ್ಲ. ಪೇಟೆಯ ನಲ್ಲಿ ನೀರಾದರೆ ಅದರಲ್ಲಿ ತೊಳೆಯಲೇಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ.

ಬಾವಿ ನೀರಿನದ್ದು ಬೇರೆ ತರಲೆ. ಮಲೆನಾಡಿನ ನೀರು ತುಂಬಾ ಮೆದು, ಅಂದರೆ ಕರಗಿದ ಲವಣ ಕಮ್ಮಿ. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ನೀರಿನ ಕ್ಷಾರವನ್ನು ಖರ್ಚು ಮಾಡುತ್ತವೆ. ಮೆದು ನೀರಿನಲ್ಲಿ ಅದು ಬೇಗ ಮುಗಿದು ಪಿಎಚ್ ಕುಸಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ನಮ್ಮಲ್ಲಿ ಒಮ್ಮೆ 6ಕ್ಕೆ ಇಳಿದಿತ್ತು. ಈಗ ಸಮುದ್ರದ ಚಿಪ್ಪು ಪುಡಿ ಮಾಡಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಸಂಪಿನಲ್ಲಿ ಇಟ್ಟಿದ್ದೇನೆ. ಚಿಪ್ಪು ನಿಧಾನ ಕರಗುತ್ತಾ ಪಿಎಚ್ 7ರ ಮೇಲೆಯೇ ನಿಂತಿದೆ.

ಪಂಪು 40 ವಾಟ್, ತಿಂಗಳಿಗೆ 29 ಯೂನಿಟ್ ಹತ್ತಿರ. ಈ ಸಲ ಅಳೆದೇ ತಂದೆ. ಡಬ್ಬದ ಮೇಲೆ ಗಂಟೆಗೆ 4000 ಲೀಟರ್, ನಮ್ಮ ಎತ್ತರಕ್ಕೆ ಬರುವುದು 2200ರ ಸುತ್ತ. ಅಪಾರ್ಟ್‌ಮೆಂಟಿನಲ್ಲಿದ್ದು ಜನರೇಟರ್ ಇದ್ದರೆ, ಗಿಡಗಳ ಟ್ಯಾಂಕ್ ಆದರೆ ಕ್ಯಾನಿಸ್ಟರೇ ಒಳ್ಳೆಯದು. ಸದ್ದಿಲ್ಲ, ಗಿಡಕ್ಕೆ ಕೊಟ್ಟ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುವುದೂ ಕಮ್ಮಿ.

ನಮ್ಮ ಊರಿನ ಮಳೆಗೆ ಸಂಪ್ ಒಂದೇ ಸಾಲದು. ಟ್ಯಾಂಕಿನ ಮೂಲೆಯಲ್ಲಿ ಒಂದು ಸ್ಪಾಂಜ್ ಫಿಲ್ಟರ್ ಇದೆ, ಅದಕ್ಕೆ ಚಾರ್ಜ್ ಆಗುವ ಗಾಳಿ ಪಂಪು. ಕರೆಂಟು ಹೋದ ಕೂಡಲೇ ಅದು ತಾನೇ ಶುರುವಾಗುತ್ತದೆ. ಹೋದ ಮಳೆಗಾಲ ಒಂದು ರಾತ್ರಿಯೆಲ್ಲ ಕರೆಂಟಿರಲಿಲ್ಲ. ಎರಡು ಸಲ ಎದ್ದು ಟಾರ್ಚ್ ಬಿಟ್ಟು ನೋಡಿದೆ. ಗುಳುಗುಳು ಸದ್ದು ಬರುತ್ತಿತ್ತು. ಐದೂ ಮೀನು ತಳದಲ್ಲಿ, ಮರಳಿನ ಹತ್ತಿರ, ನೆಮ್ಮದಿಯಾಗಿ ನಿಂತಿದ್ದವು.