ಹೊಸ್ತಿಲಿಲ್ಲದ ಬಚ್ಚಲು: ಹಳೆ ಮನೆಯಲ್ಲಿ ಮಾಡಿಸುವುದು ಹೇಗೆ?

ಮನೆಗೆ ಗಾಲಿಕುರ್ಚಿ ಬಂದ ಕೂಡಲೇ ಬಚ್ಚಲಿನ ಹೊಸ್ತಿಲು ಒಡೆಸಿಬಿಡುವವರು ಜಾಸ್ತಿ. ಮೊದಲ ಸ್ನಾನದ ನೀರು ಮಲಗುವ ಕೋಣೆಗೆ ಬಂದಾಗಲೇ ಗೊತ್ತಾಗುವುದು, ಆ ಹೊಸ್ತಿಲು ಸುಮ್ನೆ ಇರಲಿಲ್ಲ ಅಂತ. ಅದರ ಕೆಲಸವನ್ನು ಇನ್ನು ನೆಲದ ವಾಟವೇ ಮಾಡಬೇಕು.

ಮೊದಲು ನೆಲದ ಕೆಳಗೇನಿದೆ ನೋಡಿ. ಕೆಳಗಿನ ಮನೆಯಾದರೆ ಅಗೆಯಬಹುದು. ಮಹಡಿಯಾದರೆ ಒಂದು ಮೂಲೆ ಒಡೆದು ನೋಡಿ. ಸ್ಲ್ಯಾಬ್ ತಗ್ಗಿಸಿ ಇಟ್ಟಿಗೆ ಚೂರು ತುಂಬಿದ್ದರೆ, ಚೂರು ತೆಗೆದಷ್ಟು ಜಾಗ ಸಿಗುತ್ತದೆ. ತಗ್ಗಿಲ್ಲದಿದ್ದರೆ ಸ್ಲ್ಯಾಬ್ ಕೊರೆಸುವ ಮಾತು ಬೇಡವೇ ಬೇಡ. ಒಳಗೆ ನೆಲ ಎತ್ತರಿಸಿ, ಬಾಗಿಲ ಹೊರಗೆ ಇಳಿಜಾರು ಕಟ್ಟಿಸಿ. 1 ಇಂಚು ಎತ್ತರಕ್ಕೆ 12 ಇಂಚು ಉದ್ದ.

ಒಡೆಯುವುದು, ಹಳೆ ಪೈಪ್ ಬದಲಿಸುವುದು ಪ್ಲಂಬರ್ ನೋಡಿಕೊಳ್ಳುತ್ತಾರೆ.

ಈಗ ವಾಟ. ಕೆಲಸ ಕೆಡುವುದೇ ಇಲ್ಲಿ. ಮೇಸ್ತ್ರಿಗಳಿಗೆ ಅಭ್ಯಾಸ ಇರುವುದು ಒಂದು ಜಾಲರಿ, ಎಲ್ಲ ಕಡೆಯಿಂದ ಅದಕ್ಕೆ ವಾಟ. ಆಗ ನೆಲ ಬೋಗುಣಿಯಂತಾಗಿ ಕುರ್ಚಿಯ ಒಂದು ಗಾಲಿ ಮೇಲೆದ್ದೇ ಇರುತ್ತದೆ. ಅದರ ಬದಲು ಬಾಗಿಲ ಎದುರಿನ ಗೋಡೆಯ ಬುಡಕ್ಕೆ, ಈ ಗೋಡೆಯಿಂದ ಆ ಗೋಡೆವರೆಗೆ, ಸ್ಟೀಲ್ ಚಾನೆಲ್ ಡ್ರೈನ್, ಅಂದರೆ ಜಾಲರಿ ಮುಚ್ಚಿದ ಉದ್ದನೆಯ ಕಾಲುವೆ, ಹಾಕಿಸಿ. ಇಡೀ ನೆಲ ಒಂದೇ ಕಡೆಗೆ ವಾಲುತ್ತದೆ. ಅಡಿಗೆ ಕಾಲು ಇಂಚು ಸಾಕು. 6 ಅಡಿಗೆ ಒಂದೂವರೆ ಇಂಚು. ‘ಇನ್ನೊಂಚೂರು ಕೊಡೋಣ ಸಾರ್, ನೀರು ಬೇಗ ಹೋಗುತ್ತೆ’ ಅಂತಾರೆ. ನೀರಿನ ಜತೆ ಕುರ್ಚಿಯೂ ಹೋಗುತ್ತದೆ, ಬೇಡ ಅನ್ನಿ.

ಕಣ್ಣಳತೆ ನಡೆಯುವುದಿಲ್ಲ. ಲೆವೆಲ್ ಪೈಪ್ (ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿಸಿ ಗೋಡೆಗಳಿಗೆ ಗುರುತು ಹಾಕಿಸಿ, ಅಲ್ಲಿಂದ ಕೆಳಕ್ಕೆ ಅಳೆಸಿ. ಬಾಗಿಲಲ್ಲಿ ಟೈಲ್ಸ್ ಹೊರಗಿನ ನೆಲಕ್ಕೆ, ಇಳಿಜಾರು ಕಟ್ಟಿಸಿದ್ದರೆ ಅದರ ಮೇಲ್ತುದಿಗೆ, ಸಮ ಬರಬೇಕು. ಹಾಗಾಗಿ ಟೈಲ್ಸ್ ಮತ್ತು ಅದರಡಿಯ ಗಾರೆಯ ದಪ್ಪವನ್ನು ಮೊದಲೇ ಕಳೆದುಕೊಂಡು ಹೊರಡಿ. ಈ ಲೆಕ್ಕ ಮರೆತರೆ ಕೊನೆಗೆ ಮತ್ತೊಂದು ಹೊಸ್ತಿಲೇ ಎದ್ದು ಕೂರುತ್ತದೆ. ವಾಟದ ಗಾರೆ ಗಟ್ಟಿಯಾದ ಮೇಲೆ ಬಾಗಿಲ ಬಳಿ ಒಂದು ಚೊಂಬು ನೀರು ಚೆಲ್ಲಿ. ಎಲ್ಲಾದರೂ ನಿಂತರೆ ಟೈಲ್ಸಿಗೆ ಮೊದಲೇ ಸರಿಮಾಡಿಸಿ. ‘ಟೈಲ್ಸಲ್ಲಿ ಅಡ್ಜಸ್ಟ್ ಮಾಡ್ತೀನಿ’ ಅಂದರೆ ನಂಬಬೇಡಿ.

ಅಗ್ಗದ ಚಾನೆಲ್ ಕೊಳ್ಳಬೇಡಿ. ಅದರಡಿಯ ಟ್ರ್ಯಾಪಿನಲ್ಲಿ, ಅಂದರೆ ವಾಸನೆ ತಡೆಯಲು ನೀರು ಹಿಡಿದಿಡುವ ಭಾಗದಲ್ಲಿ, 50 ಮಿ.ಮೀ. ನೀರು ನಿಲ್ಲಬೇಕು. ಇಲ್ಲದಿದ್ದರೆ ವಾಸನೆ, ಜಿರಳೆ ಎರಡೂ ಉಚಿತ.

ವಾಟರ್‌ಪ್ರೂಫಿಂಗ್ ಎರಡು ಕೋಟ್, ಮೂಲೆಗಳಿಗೆ ಫೈಬರ್ ಬಲೆ, ಗೋಡೆ ಮೇಲೆ ಒಂದು ಅಡಿ, ಶವರ್ ಕಡೆ ತಲೆಯ ಎತ್ತರದವರೆಗೆ. ಆಮೇಲೆ ಡ್ರೈನ್ ಮುಚ್ಚಿ, ಬಾಗಿಲಿಗೆ ತಾತ್ಕಾಲಿಕ ಕಟ್ಟೆ ಕಟ್ಟಿ 48 ಗಂಟೆ ನೀರು ನಿಲ್ಲಿಸಿ. ಕೆಳಗಿನ ಮನೆಯವರ ಸೀಲಿಂಗ್ ನೋಡಿ ಬನ್ನಿ.

ಟೈಲ್ಸ್ ಮ್ಯಾಟ್ ಇರಲಿ, ಜಾರದಿರುವುದನ್ನು ಅಳೆಯುವ ಆರ್11 ದರ್ಜೆಯದು ಕೇಳಿ. ಮಿರಮಿರ ಮಿಂಚುವುದು ಗೋಡೆಗೆ ಮಾತ್ರ.

ಹಿಡಿಕೆ ಕಂಬಿಗೆ ಟವೆಲ್ ರಾಡ್ ಬದಲಿ ಅಲ್ಲ. ರಬ್ಬರ್ ಬಟ್ಟಲಿನಿಂದ ಅಂಟುವ ಕಂಬಿಯಂತೂ ಮನೆಗೇ ತರಬೇಡಿ. ಹಳೆ ಮಣ್ಣುಗಾರೆ ಗೋಡೆಯಲ್ಲಿ ಸಾದಾ ಸ್ಕ್ರೂ ಹಿಡಿಯುವುದಿಲ್ಲ. ಗೋಡೆ ತೂತು ಮಾಡಿ, ಆಚೆ ಬದಿಗೆ ಪ್ಲೇಟ್ ಇಟ್ಟು ಬೋಲ್ಟ್ ಬಿಗಿಸಿ. ಆಮೇಲೆ ಮನೆಯಲ್ಲಿ ಹೆಚ್ಚು ತೂಕದವರೇ ಮೊದಲು ಜಗ್ಗಿ ನೋಡಲಿ.