ಬರ್ನರ್‌ಗೆ ಪಿಎಲ್‌ಸಿ: ಯಾವುದು ಪ್ರೋಗ್ರಾಮಿಗೆ, ಯಾವುದು ತಂತಿಗೆ?

ಪುಣೆಯ ಭೋಸರಿ, ಚಾಕಣ್‌ ಕಡೆ ಬಾಯ್ಲರ್ ನೋಡಿಕೊಳ್ಳುವ ಬೆಳಗಾವಿ, ವಿಜಯಪುರದ ಫಿಟ್ಟರುಗಳು ಹಳೆಯ ರಿಲೇ ಪ್ಯಾನೆಲ್ ಕಿತ್ತು ಪಿಎಲ್‌ಸಿ (ಪ್ರೋಗ್ರಾಮಿನಿಂದ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಕೂರಿಸುವ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ನೀರು ತೀರಾ ಇಳಿದರೆ, ಹಬೆಯ ಒತ್ತಡ ಮಿತಿ ದಾಟಿದರೆ, ಎಮರ್ಜೆನ್ಸಿ ಸ್ಟಾಪ್ ಒತ್ತಿದರೆ ಇಂಧನ ವಾಲ್ವಿನ ಕರೆಂಟು ನೇರವಾಗಿ ಕಡಿಯಬೇಕು. ಆ ಕಾಂಟ್ಯಾಕ್ಟುಗಳನ್ನೆಲ್ಲ ವಾಲ್ವಿನ ಸಪ್ಲೈಯಲ್ಲೇ ಸೀರೀಸ್ ಹಾಕಿ. ಪಿಎಲ್‌ಸಿಗೆ ಇನ್ನೊಂದು ಕಾಂಟ್ಯಾಕ್ಟಿನಿಂದ ಸುದ್ದಿ ಹೋದರೆ ಸಾಕು. ಪಿಎಲ್‌ಸಿಯ ಔಟ್‌ಪುಟ್ ರಿಲೇಯ ಕಾಂಟ್ಯಾಕ್ಟು ಬೆಸೆದುಕೊಂಡ ದಿನ ಎಂಥ ಪ್ರೋಗ್ರಾಮೂ ವಾಲ್ವ್ ಮುಚ್ಚಲಾರದು. ಜ್ವಾಲೆ ಕಾಯುವುದಕ್ಕಂತೂ ಅದಕ್ಕೆಂದೇ ಪ್ರಮಾಣೀಕರಿಸಿದ ಫ್ಲೇಮ್ ಸೇಫ್‌ಗಾರ್ಡ್ (ಜ್ವಾಲೆ ಆರಿದರೆ ಇಂಧನ ಕಡಿಯುವ ಕಂಟ್ರೋಲರ್) ಇಲ್ಲವೇ ಸೇಫ್ಟಿ ಪಿಎಲ್‌ಸಿಯೇ ಬೇಕು.

ಪರ್ಜ್ ಎಂದರೆ ಬರ್ನರ್ ಹೊತ್ತಿಸುವ ಮೊದಲು ಗಾಳಿ ಊದಿ ಒಳಗೆ ಉಳಿದ ಗ್ಯಾಸನ್ನು ಹೊರಹಾಕುವುದು. ಅದರ ಟೈಮರನ್ನು ಅಂದಾಜಿನಲ್ಲಿ ಇಡಬೇಡಿ. ಅಮೆರಿಕದ ಬಾಯ್ಲರ್ ಸುರಕ್ಷತಾ ಮಾನದಂಡ ಎನ್‌ಎಫ್‌ಪಿಎ 85ರ ಪ್ರಕಾರ ಫೈರ್‌ಟ್ಯೂಬ್ (ಕೊಳವೆಯೊಳಗೆ ಬಿಸಿ ಹೊಗೆ ಹರಿಯುವ) ಬಾಯ್ಲರಿನೊಳಗಿನ ಗಾಳಿ ಕನಿಷ್ಠ 4 ಸಲ ಬದಲಾಗಬೇಕು, ವಾಟರ್‌ಟ್ಯೂಬಿನಲ್ಲಿ (ಕೊಳವೆಯೊಳಗೆ ನೀರು ಹರಿಯುವುದು) 8 ಸಲ. ಫರ್ನೇಸ್ ಮತ್ತು ಹೊಗೆದಾರಿ ಸೇರಿ 5 ಘನ ಮೀಟರ್, ಬ್ಲೋವರ್ ಸೆಕೆಂಡಿಗೆ 0.5 ಘನ ಮೀಟರ್ ಗಾಳಿ ಕೊಡುತ್ತಿದ್ದರೆ ಫೈರ್‌ಟ್ಯೂಬಿಗೆ 40 ಸೆಕೆಂಡು. ಡ್ಯಾಂಪರ್ (ಗಾಳಿದಾರಿಯ ಕದ) ಪೂರ್ತಿ ತೆರೆದು, ಗಾಳಿ ಬರುತ್ತಿದೆ ಎಂದು ತಿಳಿಸುವ ಏರ್ ಸ್ವಿಚ್ ಕೂತ ಮೇಲಷ್ಟೇ ಎಣಿಕೆ ಶುರುವಾಗಲಿ. ಡ್ಯಾಂಪರ್ ತೆರೆದಿದೆ ಎಂದು ತಿಳಿಸುವ ಲಿಮಿಟ್ ಸ್ವಿಚ್ಚನ್ನು ಅದರ ಮೋಟರಿಗಲ್ಲ, ಡ್ಯಾಂಪರಿನ ಶಾಫ್ಟಿಗೇ ಕೂರಿಸಿ. ಲಿಂಕಿನ ಪಿನ್ ಜಾರಿದರೆ ಮೋಟರ್ ತಿರುಗುತ್ತದೆ, ಡ್ಯಾಂಪರ್ ಮುಚ್ಚಿಕೊಂಡೇ ಇರುತ್ತದೆ. ಒಳಗೆ ಉಳಿದ ಗ್ಯಾಸಿಗೆ ಕಿಡಿ ತಾಗುತ್ತದೆ.

ಪರ್ಜ್ ವೇಳೆ ಸ್ಕ್ಯಾನರಿಗೆ (ಜ್ವಾಲೆ ಗುರುತಿಸುವ ಸೆನ್ಸರ್) ಜ್ವಾಲೆ ಕಂಡರೆ ಲಾಕ್‌ಔಟ್, ಅಂದರೆ ಕೈಯಿಂದ ರಿಸೆಟ್ ಮಾಡುವವರೆಗೆ ಬರ್ನರ್ ಬಂದ್. ಪೈಲಟ್, ಅಂದರೆ ಮೇನ್ ಬರ್ನರನ್ನು ಹೊತ್ತಿಸುವ ಸಣ್ಣ ಜ್ವಾಲೆ, ಹೊತ್ತಿಕೊಳ್ಳಲು ಹೆಚ್ಚೆಂದರೆ 10 ಸೆಕೆಂಡು. ಯುವಿ ಸ್ಕ್ಯಾನರ್ ಇಗ್ನಿಷನ್ ಕಿಡಿಯನ್ನೇ ಜ್ವಾಲೆ ಎಂದುಕೊಳ್ಳಬಹುದು, ಆದ್ದರಿಂದ ಕಿಡಿ ನಿಲ್ಲಿಸಿ, ಪೈಲಟ್ ತಾನೇ ನಿಂತಿದೆ ಎಂದು ಖಚಿತವಾದ ಮೇಲೆ ಮೇನ್ ವಾಲ್ವ್ ತೆರೆಯಿರಿ.

ವೈರಿಂಗಿನಲ್ಲಿ ಪದೇ ಪದೇ ಕಾಡುವವು ಎರಡು. ಪಿಎಲ್‌ಸಿಯ ಟ್ರಯಾಕ್ (ಎಲೆಕ್ಟ್ರಾನಿಕ್ ಸ್ವಿಚ್) ಔಟ್‌ಪುಟ್ ಆಫ್ ಆದರೂ ಸ್ವಲ್ಪ ಕರೆಂಟು ಸೋರುತ್ತದೆ, ವಾಲ್ವಿನ ಸಣ್ಣ ಸೊಲೆನಾಯ್ಡ್ ಅಷ್ಟಕ್ಕೇ ಹಿಡಿದುಕೊಂಡುಬಿಡಬಹುದು. ನಡುವೆ ರಿಲೇ ಹಾಕಿ, ಆ ಸೋರಿಕೆ ಇದ್ದರೂ ರಿಲೇ ಬಿಟ್ಟುಕೊಳ್ಳುತ್ತದೆಯೇ ಎಂದೂ ನೋಡಿ. ಇಗ್ನಿಷನ್ ಟ್ರಾನ್ಸ್‌ಫಾರ್ಮರಿನ ಕೇಬಲ್ ಮತ್ತು ಸ್ಕ್ಯಾನರ್ ಕೇಬಲ್ ಒಂದೇ ಪೈಪಿನಲ್ಲಿ ಬರಬಾರದು. ಮಳೆಗಾಲದಲ್ಲಿ ಪ್ಯಾನೆಲಿಗೆ ಹೀಟರ್ ಬೇಕೇ ಬೇಕು.

ಕರೆಂಟು ಹೋಗಿ ಬಂದಾಗ ಪ್ರೋಗ್ರಾಮ್ ಬಿಟ್ಟ ಹೆಜ್ಜೆಯಿಂದ ಮುಂದುವರಿಯಬಾರದು. ಮತ್ತೆ ಪರ್ಜಿನಿಂದಲೇ ಶುರು. ಲಾಕ್‌ಔಟ್ ಮಾತ್ರ ಮೆಮರಿಯಲ್ಲಿ ಉಳಿಯಲಿ, ರಿಸೆಟ್ ಬರ್ನರಿನ ಎದುರು ನಿಂತೇ ಆಗಲಿ.

ಕೊನೆಗೆ ಪರೀಕ್ಷೆ. ಮೊದಲು ಕೈವಾಲ್ವ್ ಮುಚ್ಚಿ, ಗ್ಯಾಸಿಲ್ಲದೆ ಇಡೀ ಸೀಕ್ವೆನ್ಸ್ ಓಡಿಸಿ: ಪೈಲಟ್ ಹಂತದಲ್ಲಿ ಲಾಕ್‌ಔಟ್ ಆಗಲೇಬೇಕು. ಆಮೇಲೆ ಲೋ ಫೈರಿನಲ್ಲಿ ಸ್ಕ್ಯಾನರ್ ಹೊರಗೆಳೆದು ಸ್ಟಾಪ್‌ವಾಚ್ ಹಿಡಿಯಿರಿ. 4 ಸೆಕೆಂಡಿನೊಳಗೆ ವಾಲ್ವಿನ ಕರೆಂಟು ಕಡಿಯದಿದ್ದರೆ ಬಾಯ್ಲರನ್ನು ಆಪರೇಟರ್ ಕೈಗೆ ಒಪ್ಪಿಸಬೇಡಿ.